ಅಜ್ಜಿ ಮೋಸ ಮಾಡಲಿಲ್ಲ

ರೊಟ್ಟಿ ಬಡಿಯುತ್ತಿದ್ದೆ. ಹತ್ತು ವರ್ಷದ ಮಗಳು ಸಹನಾ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಕಣ್ಣು ತುಂಬಿತ್ತು.

"ಅವ್ವಾ, ಅಜ್ಜಿ ಇವತ್ತೂ ಮೋಸ ಮಾಡ್ಲಿಲ್ಲ."

ನನಗೆ ನಗು ಬಂತು. ಮೋಸ ಮಾಡಿದರೆಂದು ಅಳುವವರನ್ನು ಕಂಡಿದ್ದೇನೆ. ಮಾಡಲಿಲ್ಲವೆಂದು ಯಾರಾದರೂ ಅಳುತ್ತಾರೆಯೇ?

"ಹುಚ್ಚಿ, ಗೆದ್ದಿ ಹೌದಿಲ್ಲೊ? ಹೋಗು" ಎಂದು ರೊಟ್ಟಿ ತಿರುವಿ ಹಾಕಿದೆ. (ಒಲೆ ಆರಿಸಿ, ಕೂರಿಸಿಕೊಂಡು ಕೇಳಬೇಕಿತ್ತು. ಕೇಳಲಿಲ್ಲ.)

ಹಿರೇಕೆರೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ಚೌಕಾಬಾರ ನಡೆಯುತ್ತದೆ. ನೆಲದ ಮೇಲೆ ಬಳಪದ ಗೆರೆ, ನಾಲ್ಕು ಕವಡೆ. ಸಹನಾಳ ಕಾಯಿ ಬಳೆಚೂರು, ನಮ್ಮ ಅತ್ತೆಯದು ಹುಣಸೆ ಬೀಜ. ಅತ್ತೆಯ ತವರು ಅಬಲೂರು. ಅಲ್ಲಿ ಗುಡಿ ಕಟ್ಟೆಯ ಮೇಲೆ ಕೂತು ಕಲಿತ ಆಟ. ಮೋಸವನ್ನೂ ಅಲ್ಲೇ ಕಲಿತರೋ ಏನೋ! ಸೆರಗು ಸರಿಮಾಡುವ ನೆಪದಲ್ಲಿ ಕಾಯಿ ಒಂದು ಮನೆ ಮುಂದೆ ಹೋಗಿರುತ್ತಿತ್ತು. ಮೂರು ಬಿದ್ದರೆ ನಾಲ್ಕು ಎಂದು ಕೂಗಿ ಕವಡೆ ಬಾಚಿಕೊಳ್ಳುತ್ತಿದ್ದರು.

"ಕಳ್ಳಿ ಅಜ್ಜಿ!"

"ಯಾರಿಗೆ ಕಳ್ಳಿ ಅಂತಿ? ನಿನ್ನ ಕಣ್ಣಿಗೆ ಕಾಡಿಗಿ ಹೆಚ್ಚಾಗೇತೇನ?"

ಇಡೀ ಓಣಿಗೆ ಕೇಳುತ್ತಿತ್ತು ಈ ಜಗಳ.

ನನಗೋ ಸಿಟ್ಟು. ಬೆಳಿಗ್ಗೆ ಲಿಂಗಪೂಜೆ, ಸಂಜೆ ಸುಳ್ಳು ಲೆಕ್ಕ. ಒಮ್ಮೆ ಹೇಳಿಯೇ ಬಿಟ್ಟೆ. "ಅತ್ತಿ, ಹುಡುಗಿಗೆ ಮೋಸ ಕಲಿಸಬ್ಯಾಡ್ರಿ. ಶಿವ ನೋಡ್ತಾನ."

"ನೋಡ್ಲಿ ಬಿಡ. ನೋಡಿ ನಗ್ತಾನ."

(ಆ ಸೋಮವಾರ ದೀಪ ಹಚ್ಚಿ, ಇವರ ಈ ಚಟ ಬಿಡಿಸಪ್ಪಾ ಎಂದು ಬೇಡಿಕೊಂಡವಳು ನಾನೇ.)

ಒಂದು ಮಾತು ಹೇಳಲೇಬೇಕು. ಪಕ್ಕದ ಮನೆಯ ಆಯಿಷಾ ಆಟಕ್ಕೆ ಕೂತ ದಿನ ಅತ್ತೆ ಒಂದು ಗೆರೆಯನ್ನೂ ಸುಮ್ಮನೆ ದಾಟುತ್ತಿರಲಿಲ್ಲ. ಸಹನಾಗೆ ಉರಿ. "ಅಕಿ ಜೋಡಿ ಯಾಕ ಮೋಸ ಮಾಡಂಗಿಲ್ಲ ನೀ?"

"ಮಂದಿ ಮಕ್ಕಳಿಗೆ ಮೋಸ ಮಾಡಿದ್ರ ಪಾಪ ಬರ್ತೈತಿ. ಮೋಸ, ಜಗಳ ಏನಿದ್ರೂ ನಮ್ಮವರ ಜೋಡಿ."

ಆ ಮಾತು ನಾನು ಮರೆತಿದ್ದೆ. ಸಹನಾ ಮರೆತಿರಲಿಲ್ಲ.

ಸಹನಾ ಕಣ್ಣು ತುಂಬಿಕೊಂಡು ಬಂದ ಮರುದಿನ ಕೆಲಸ ಬಿಟ್ಟು ಆಟ ನೋಡಲು ಕೂತೆ. ಅತ್ತೆಗೆ ಮೂರು ಬಿತ್ತು. ನಾಲ್ಕು ಎಂದಿದ್ದರೆ ಸಹನಾಳ ಕಾಯಿ ಸಾಯುತ್ತಿತ್ತು. ಬೆರಳಿಟ್ಟು ಎಣಿಸಿ ಮೂರೇ ಮನೆ ನಡೆಸಿದರು. ಆಗ ಸಹನಾ ಅಜ್ಜಿಯ ಕಣ್ಣೆದುರೇ, ಬೇಕೆಂದೇ, ತನ್ನ ಕಾಯಿಯನ್ನು ಎರಡು ಮನೆ ಮುಂದೆ ತಳ್ಳಿದಳು. ತಳ್ಳಿ, ಅಜ್ಜಿಯ ಮುಖವನ್ನೇ ನೋಡುತ್ತಾ ಕೂತಳು. ಮೊದಲಾಗಿದ್ದರೆ ಕೈ ಮೇಲೆ ಫಟಾರನೆ ಬೀಳುತ್ತಿತ್ತು.

ಅತ್ತೆ ಮೆಲ್ಲಗೆ ನಕ್ಕರು.

"ಇರ್ಲಿ, ಆಡವ್ವ. ಸಣ್ಣಾಕಿ ಅದಿ. ಯಾರ ಮನಿ ಹುಡುಗಿ ನೀ?"

ಸಹನಾ ನನ್ನ ಕಡೆ ತಿರುಗಿದಳು. "ನಾ ಹೇಳ್ಲಿಲ್ಲನವ್ವಾ?"

ಹೌದು, ಹೇಳಿದ್ದಳು. ಕಣ್ಣಿನ ಚಾಳೀಸು ಎಲ್ಲೋ ಇಟ್ಟು ಹುಡುಕುವುದು, ಉಂಡಿದ್ದನ್ನು ಮರೆತು ಮತ್ತೆ ತಾಟಿಗೆ ಕೂರುವುದು, ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿದವರು ನಾವು ದೊಡ್ಡವರು. ಡಾಕ್ಟರು ಸ್ಕ್ಯಾನ್ ಮಾಡಿಸಿ ಮರೆವಿನ ಕಾಯಿಲೆ ಎಂದರು. ಗುಳಿಗೆ ಕೊಟ್ಟರು. ಹೋದದ್ದು ತಿರುಗಿ ಬರುವುದಿಲ್ಲ ಎಂದೂ ಹೇಳಿದರು. ನನ್ನ ಮಗಳು ನಾಲ್ಕು ಕವಡೆ ಹಿಡಿದೇ ಇದನ್ನು ತಿಳಿದಿದ್ದಳು.

ದೇವರ ದಯೆ, ಅತ್ತೆ ಉಣ್ಣುತ್ತಾರೆ. ನಿದ್ದೆ ಬರುತ್ತದೆ. ವಿಭೂತಿ ಹಚ್ಚಿಕೊಳ್ಳುವುದನ್ನು ಮರೆತಿಲ್ಲ. ಮಗನ ದನಿ ಕೇಳಿದರೆ ತಲೆ ಎತ್ತುತ್ತಾರೆ. ಇಷ್ಟಾದರೂ ಶಿವ ಉಳಿಸಿದನಲ್ಲ, ಸಾಕು ಎನ್ನುತ್ತೇನೆ. ಸಂಜೆಯಾದರೆ ಸಹನಾ ಕೈಹಿಡಿದು ಕರೆತರುತ್ತಾಳೆ. ಅತ್ತೆ, ಮಂದಿ ಮಗಳ ಜೊತೆ ಆಡುವಂತೆ ಮರ್ಯಾದೆಯಿಂದ ಆಡುತ್ತಾರೆ. ಸಹನಾ ದಿನಾ ಗೆಲ್ಲುತ್ತಾಳೆ.

ಮೊನ್ನೆ ಆಯಿಷಾಳ ಅವ್ವ ಗೋಡೆಯಾಚೆಯಿಂದ ಕೇಳಿದರು. "ಯಾಕ್ರೀ, ಅಜ್ಜಿ ಮೊಮ್ಮಗಳು ಆಟ ಬಿಟ್ರೇನು? ದನೀನ ಇಲ್ಲ."

ನಿನ್ನೆ ಸೋಮವಾರ. ದೀಪ ಹಚ್ಚಿ ಕೈಮುಗಿದು ನಿಂತೆ. ಚಟ ಬಿಡಿಸು ಎಂದು ಬೇಡಿದ ಇದೇ ಬಾಯಿಂದ ಹೇಗೆ ಕೇಳಲಿ, ಒಂದೇ ಒಂದು ಸಲ ಅವರು ನನ್ನ ಮಗಳಿಗೆ ಮೋಸ ಮಾಡಲಿ ಎಂದು?