ರೊಟ್ಟಿ ಕೊಡಲಿಲ್ಲ, ಅನ್ನ ಕೊಟ್ಟರು

ಅಮ್ಮಗಾರ ಬೆರಳ ತುದಿ ಯಾವಾಗಲೂ ಕೆಂಪು. ಒಣಮೆಣಸಿನಕಾಯಿ ತೊಟ್ಟು ಮುರಿದು ಮುರಿದು ಉಗುರಿನ ಸಂದಿಯೆಲ್ಲ ಖಾರ. ಪ್ರಾರ್ಥನೆ ಮಾಡುವಾಗ ತಲೆ ಮೇಲೆ ಕೈ ಇಟ್ಟರೆ ನಮ್ಮ ಕಣ್ಣಲ್ಲಿ ನೀರು. "ಪವಿತ್ರಾತ್ಮ ಇಳೀತು" ಅಂತ ಹೆಂಗಸರು ಅಳೋರು. "ಆತ್ಮ ಅಲ್ಲಬೇ, ಮೆಣಸಿನಕಾಯಿ. ಮಾರಿ ತೊಳ್ಕೊ ಹೋಗು" ಅನ್ನೋರು ಅಮ್ಮಗಾರು.

ಅವರು ಸಿರುಗುಪ್ಪದ ನಮ್ಮ ಸಣ್ಣ ಸಭೆಯ ಪಾಸ್ಟರ ಹೆಂಡತಿ. ಪಾಸ್ಟರು ಮೆತ್ತನೆ ಮನುಷ್ಯ. ಅಮ್ಮಗಾರು ಹಂಗಲ್ಲ. ಬೈದರೆ ಬೀದಿಗೆಲ್ಲ ಕೇಳಬೇಕು. ತಾವು ಬೈದವರನ್ನೇ ಮನೆಗೆ ಕರೆದು ಉಣಿಸೋರು. ನನಗೂ ಬೈದಿದ್ದಾರೆ, ಉಣಿಸಿದ್ದಾರೆ.

ನನ್ನ ಮಗಳನ್ನು ದೇಶನೂರಿಗೆ ಕೊಟ್ಟಿದ್ದೆ. ಅಳಿಯ ಕುಡಿದರೆ ಮನುಷ್ಯನಲ್ಲ. ಒಂದು ದಿನ ಕುತ್ತಿಗೆ ಹಿಸುಕಿದ. ಮಗಳು ದನಿ ಹೋಗಿ, ಕುತ್ತಿಗೆ ಮೇಲೆ ಅವನ ಬೆರಳಿನ ಗುರುತು ಹೊತ್ತುಕೊಂಡು ನನ್ನ ಮನೆಗೆ ಬಂದಳು. ಇನ್ನೊಂದು ಸಲ ಬಂದರೆ ಹೆಣವೇ ಬರ್ತದೆ ಅಂತ ನನಗೆ ಗೊತ್ತಾಯಿತು.

ಸಭೆಯ ಹಿರಿಯರು ಕೂತು ಮಾತಾಡಿದರು. "ಯೇಸಪ್ಪ ಕ್ಷಮಿಸು ಅಂದಾನಲ್ಲವ್ವ. ಕ್ಷಮಿಸಿ ಕಳಸು" ಅಂದರು. ಅಳಿಯನೂ ತಲೆ ಬಗ್ಗಿಸಿ ಅತ್ತ.

ಅಮ್ಮಗಾರು ಮೆಣಸಿನಕಾಯಿ ತೊಟ್ಟು ಮುರಿಯೋದು ನಿಲ್ಲಿಸಲಿಲ್ಲ. "ಕ್ಷಮಿಸೋದು ಬ್ಯಾರೆ, ಕುತ್ತಿಗಿ ಕೊಡೋದು ಬ್ಯಾರೆ. ನಿಮ್ಮ ಮಗಳಾಗಿದ್ರ ಕಳಸ್ತಿದ್ರೇನ್ರಿ? ಆಕಿ ನನ್ನ ಮನ್ಯಾಗ ಇರ್ತಾಳ."

ಮುಂದಿನ ಭಾನುವಾರ ಪ್ರಭುಭೋಜನ, ಯೇಸಪ್ಪನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚುವ ದಿನ. ತಪ್ಪು ಮಾಡಿ ತಿದ್ದಿಕೊಳ್ಳದವರಿಗೆ ಆ ರೊಟ್ಟಿ, ಆ ರಸ ಕೊಡಬಾರದು ಅಂತ ನಮ್ಮ ಸಭೆಯ ಪದ್ಧತಿ. ಹೆಂಗಸರನ್ನು ತಡೆದದ್ದು ನೋಡಿದ್ದೆ, ಗಂಡಸರನ್ನು ತಡೆದದ್ದು ನೋಡಿರಲಿಲ್ಲ. ಅಳಿಯ ಬಿಳಿ ಅಂಗಿ ಹಾಕಿಕೊಂಡು ಬಂದು ಕೈ ಚಾಚಿದ.

ಹೆಂಗಸರ ಚಾಪೆಯಿಂದ ಅಮ್ಮಗಾರು ಎದ್ದು ನಿಂತರು. "ಇವನಿಗೆ ಬ್ಯಾಡ್ರಿ. ನಿನ್ನಿ ಬ್ರಾಂದಿ ಅಂಗಡಿ ಮುಂದ ನಿಂತು ಆಕಿನ್ನ ಕಡೀತೀನಿ ಅಂದಾನ."

ಪಾಸ್ಟರು ರೊಟ್ಟಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಅಳಿಯ ನಮ್ಮ ಕಡೆ ಒಂದು ಸಲ ನೋಡಿ ಹೊರಗೆ ಹೋದ.

ಮಧ್ಯಾಹ್ನ ಕುಡುಗೋಲು ಹಿಡಿದು ಅಮ್ಮಗಾರ ಮನೆಗೇ ಬಂದ. ಮಗಳೂ ನಾನೂ ಒಳಗೆ ಅಕ್ಕಿ ಚೀಲದ ಹಿಂದೆ ಕೂತೆವು. ಅಳು ಕೇಳಬಾರದು ಅಂತ ಅವಳ ಬಾಯಿ ಮುಚ್ಚಿ ಹಿಡಿದಿದ್ದೆ. ಅಮ್ಮಗಾರು ಅಂಗಳಕ್ಕೆ ಹೋದರು. ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಕುಬುಸದೊಳಗೆ ಇಟ್ಟುಕೊಂಡರು.

"ಕಳಸ್ತೀಯೋ ಇಲ್ಲೋ ಮುದುಕಿ?"

"ಕಳಸಂಗಿಲ್ಲ. ಉಂಡೀಯೇನು?"

"ಏನು?"

"ಉಂಡೀಯೇನಲೇ ಅಂದೆ. ಮುಂಜಾನಿಂದ ಬರೇ ಕುಡದೀ. ಕುಡುಗೋಲು ಒಗಿ, ಅನ್ನ ಹಾಕ್ತೀನಿ."

"ನಿನ್ನೂ ಕಡೀತೀನಿ!"

"ಕಡಿ. ಕಡದ್ರೂ ಆಕಿ ಬರಂಗಿಲ್ಲ. ನೀ ನನಗ ಬ್ಯಾಡಾಗಿಲ್ಲೋ ಮಗನ. ನೀ ಮಾಡಿದ್ದು ಬ್ಯಾಡ. ಅದಕ್ಕ ನಾ ಸಾಯೋತನ ಹೂಂ ಅನ್ನಂಗಿಲ್ಲ."

ಆಮೇಲೆ ಏನೂ ಕೇಳಲಿಲ್ಲ. ಹೋದರು ಅಮ್ಮಗಾರು, ಸತ್ತರು ಅಂದುಕೊಂಡೆ. ಬಹಳ ಹೊತ್ತಿಗೆ ತಟ್ಟೆಗೆ ಸೌಟು ಬಡಿದ ಸದ್ದಾಯಿತು. ಬಾಗಿಲ ಸಂದಿಯಿಂದ ನೋಡಿದೆ. ಸಭೆಯವರಿಗೆ ಅಂತ ಅಂಗಳದ ಒಲೆ ಮೇಲೆ ಮಾಡಿದ್ದ ಅನ್ನವನ್ನು ಅಳಿಯ ಕಟ್ಟೆ ಮೇಲೆ ಕೂತು ಉಣ್ಣುತ್ತಿದ್ದ. ಕುಡುಗೋಲನ್ನು ಅಮ್ಮಗಾರು ಕಾಲಲ್ಲಿ ಮೆಟ್ಟಿಕೊಂಡಿದ್ದರು. "ಖಾರ ಹೆಚ್ಚಾತೇನು?" ಅಂತ ಕೇಳುತ್ತಿದ್ದರು.

ಅವನು ಹೋದ ಮೇಲೆ ನಮ್ಮನ್ನು ಠಾಣೆಗೆ ಕರೆದುಕೊಂಡು ಹೋದವರೂ ಅವರೇ. ಅವನನ್ನು ಬಳ್ಳಾರಿ ಜೈಲಿಗೆ ಹಾಕಿದಾಗ ಬಸ್ ಹತ್ತಿ ನೋಡಲು ಹೋದವರೂ ಅವರೇ. ನಾನು ಉರಿದುಬಿದ್ದೆ. "ಹುಚ್ಚೇನ್ರಿ ನಿಮಗ?"

"ಅವನೂ ದೇವರ ಕೂಸ. ಕೆಟ್ಟ ಕೂಸು" ಅಂದರು. "ನಿನಗ ಬರಾಕ ಹೇಳಿಲ್ಲಲ್ಲ, ಸುಮ್ಮನಿರು."

ಹೋದ ವರ್ಷ ಅಮ್ಮಗಾರು ತೀರಿಕೊಂಡರು. ಮಣ್ಣು ಮಾಡುವಾಗ ಅಳಿಯ ಬಂದ. ಜೈಲಿನಿಂದ ಯಾವಾಗ ಬಿಟ್ಟಿದ್ದರೋ ಏನೋ. ನಾನು ಮಗಳ ಸೆರಗು ಹಿಡಿದು ಜಗ್ಗಿದೆ, ಓಡೋಣ ಅಂತ. ಹಿರಿಯರು ಅವನನ್ನು ನೂಕಲು ಹೋದರು.

"ಬಿಡ್ರಿ, ಮಣ್ಣು ಹಾಕ್ಲಿ. ಅವನಿಗೂ ಉಣಿಸ್ಯಾರ ಅವ್ರು" ಅಂದಳು ಮಗಳು. ಆಮೇಲೆ ಅವನಿಗೇ ಹೇಳಿದಳು: "ಹಾಕಿ ಹೋಗು. ಈ ಕಡಿ ಬರಬ್ಯಾಡ."

ಅವನು ಮಣ್ಣು ಹಾಕಿ ಹೋದ.

ನನಗೆ ಈಗಲೂ ಬಾಗಿಲು ಬಡಿದರೆ ಜೀವ ಹೋಗ್ತದೆ. ಮಗಳು ಎದ್ದು ಹೋಗಿ ಯಾರು ಅಂತ ಕೇಳ್ತಾಳೆ.