ವಾಸಂತಿಯ ಸುಣ್ಣದ ಗೋಡೆ

ಬಾಲಚಂದ್ರ ಐದು ವರ್ಷ ಕಾಲೇಜಿನಲ್ಲಿ ಚಿತ್ರಕಲೆ ಕಲಿತರು. ಆಮೇಲಿನ ಮೂವತ್ತು ವರ್ಷ, ಕಲಿಯದ ಕೈಯಲ್ಲೇ ನಿಜವಾದ ಕಲೆ, ತಾವು ಅದನ್ನು ಕಲಿಯಲೇಬಾರದಿತ್ತು ಎಂದು ಕಂಡಕಂಡವರಿಗೆಲ್ಲ ಹೇಳಿದರು. ಲೇಕ್ ಗಾರ್ಡನ್ಸಿನ ಅವರ ಮನೆಯಲ್ಲಿ ರಿಕ್ಷಾ ಎಳೆಯುವವನು ತಗಡಿನಲ್ಲಿ ಕೆತ್ತಿದ ಹುಲಿಗೆ, ಯಾರದೋ ಅಜ್ಜಿ ಗೋಣಿಚೀಲದ ಮೇಲೆ ಹೊಲಿದ ದೆವ್ವಕ್ಕೆ ಹಾಲ್‌ನಲ್ಲೇ ಜಾಗ. ಅವರ ಸ್ವಂತ ಚಿತ್ರಗಳು ಮಾತ್ರ ಬೀರುವಿನ ಹಿಂದೆ, ಕಾನ್ವೆಂಟ್ ಶಾಲೆಯ ಸಿಸ್ಟರ್ ಕೈಲಿ ಬೈಸಿಕೊಂಡ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ನಿಂತಿದ್ದವು.

ಒಂದು ದಿನ ಗರಿಯಾಹಾಟ್‌ನ ಉಡುಪಿ ಹೋಟೆಲಿನಲ್ಲಿ ಕೈ ತೊಳೆಯಲು ಎದ್ದವರು ದಾರಿ ತಪ್ಪಿ ಅಡುಗೆಮನೆಗೆ ನುಗ್ಗಿದರು. ನೆಲದಿಂದ ಸೂರಿನವರೆಗೆ ಇದ್ದಿಲಿನ ಗೆರೆಗಳು. ಮೀನಿನ ಹೊಟ್ಟೆಯಲ್ಲಿ ಟ್ರಾಮು, ಟ್ರಾಮಿನ ಕಿಟಕಿಯಲ್ಲಿ ಕಡಲು. ಬರೆದದ್ದು ಹಿಟ್ಟು ರುಬ್ಬುವ ವಾಸಂತಿ, ಯಜಮಾನ ಶ್ರೀರಾಮನ ಅತ್ತಿಗೆ. ಬಾಲಚಂದ್ರರ ಎಂಜಲು ಕೈ ಹಾಗೇ ಒಣಗಿತು.

"ಇದು ಕಲೆ ಕಣ್ರೀ!"

"ಕಲೆಯೇ," ಎಂದ ಶ್ರೀರಾಮ. "ದುರ್ಗಾಪೂಜೆಗೆ ಮೊದಲು ಸುಣ್ಣ ಹೊಡೆದ್ರೆ ಹೋಗ್ತದೆ."

ಪ್ರತಿ ವರ್ಷದ ಪದ್ಧತಿ. ಇನ್ನು ಒಂದೇ ವಾರವಿತ್ತು. ಬಾಲಚಂದ್ರ ದಿನವೂ ಬಂದು, ಈ ಗೋಡೆಯೊಂದನ್ನು ಬಿಟ್ಟುಬಿಡಿ ಎಂದು ಬೇಡಿದರು. ಶ್ರೀರಾಮ ದೋಸೆ ಕೊಟ್ಟ, ಮಾತು ಕೊಡಲಿಲ್ಲ.

ಏಳನೆಯ ಬೆಳಿಗ್ಗೆ ಏದುಸಿರು ಬಿಡುತ್ತ ಬಂದರೆ, ಸುಣ್ಣದ ಬಕೆಟ್ಟು ಹಿಡಿದು ನಿಂತವರು ವಾಸಂತಿಯೇ! ಬಾಲಚಂದ್ರ ಎರಡೂ ಕೈ ಚಾಚಿ ಗೋಡೆಗೆ ಅಡ್ಡ ನಿಂತರು.

"ಬದಿಗೆ ಬನ್ನಿ ಮಾರಾಯ್ರೆ, ಅಂಗಿಗೆಲ್ಲ ಸುಣ್ಣ ಆಗ್ತದೆ."

"ನೀವೇ ಅಳಿಸ್ತೀರೇನಮ್ಮಾ?"

"ಮತ್ತೆ ಈ ವರ್ಷದ್ದು ಎಲ್ಲಿ ಬರಿಯೂದು, ನಿಮ್ಮ ಬೆನ್ನ ಮೇಲಾ?"

"ಇದು ಹೋಗ್ಬಿಡತ್ತಲ್ಲ!"

"ಎಲ್ಲಿಗೆ ಹೋಗ್ತದೆ? ಒಳಗೇ ಉಂಟಲ್ಲ."

ಗ್ರೈಂಡರ್ ತಾಗಿ ಗಾರೆ ಸಿಡಿದ ಮೂಲೆಯನ್ನು ಆಕೆ ತೋರಿಸಿದರು. ಬಾಲಚಂದ್ರ ಕನ್ನಡಕ ಏರಿಸಿ ಬಗ್ಗಿದರು. ಒಂದು ಬಿಳಿ ಪದರ, ಕೂದಲೆಳೆಯಷ್ಟು ಕಪ್ಪು, ಮತ್ತೆ ಬಿಳಿ, ಮತ್ತೆ ಕಪ್ಪು. ಹತ್ತೊಂಬತ್ತರವರೆಗೆ ಎಣಿಸಿದರು, ಆಮೇಲೆ ಕಣ್ಣು ಮಂಜಾಯಿತು. ಯಾರೂ ನೋಡದ ಹತ್ತೊಂಬತ್ತು ಕಡಲುಗಳು ಇಡ್ಲಿ ಆವಿಯ ಹಿಂದೆ ಸುಮ್ಮನೆ ಮಲಗಿದ್ದವು. ಅವರು ಮೆಲ್ಲಗೆ ಬದಿಗೆ ಸರಿದರು.

"ಮೇಲಕ್ಕೆ ನನ್ನ ಕೈ ಎಟುಕೂದಿಲ್ಲ," ಎಂದು ವಾಸಂತಿ ಬ್ರಷ್ಷು ಚಾಚಿದರು. "ನೀವು ಉದ್ದ ಇದ್ದೀರಿ."

ಬಾಲಚಂದ್ರ ಬ್ರಷ್ಷನ್ನು ಬಕೆಟ್ಟಿನಲ್ಲಿ ಪೂರ್ತಿ ಅದ್ದಿ ಮೀನಿನ ಕಣ್ಣಿನ ಮೇಲೆ ಸುಣ್ಣ ಎಳೆದರು. ಅದು ಅವರ ಮೊಣಕೈವರೆಗೆ ಇಳಿಯಿತು.

"ಅಯ್ಯೋ ದೇವರೇ, ಬ್ರಷ್ಷು ಹಿಡೀಲಿಕ್ಕೆ ನಿಮಗೆ ಯಾರೂ ಕಲಿಸ್ಲಿಲ್ವಾ?"

ಅಷ್ಟು ದೊಡ್ಡ ಬಿರುದು ಅವರಿಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.