ಒಂಟಿ ಶೂವಿಗೆ ಜೋಡಿ ಹುಡುಕುವ ಪತ್ತೆಯಕ್ಕ

ಬೆಳಗಿನ ಐದೂವರೆ. ಬಹುಮಹಡಿ ಅಂಗಡಿಯ ಎರಡನೇ ಮಹಡಿಯಲ್ಲಿ ಅರ್ಧದಷ್ಟು ದೀಪಗಳು ಮಾತ್ರ ಉರಿಯುತ್ತಿವೆ. ಚಕ್ರ ಕಿರುಗುಟ್ಟುವ ಟ್ರಾಲಿಯನ್ನು ತಳ್ಳಿಕೊಂಡು ಬರುವ ಗಿಡ್ಡನೆಯ ಹೆಂಗಸು ಪರದೆಗಳ ವಿಭಾಗದ ಮುಂದೆ ನಿಲ್ಲುತ್ತಾರೆ. ಮಡಿಸಿಟ್ಟ ಪರದೆಗಳ ನಡುವೆ ಮೊಣಕೈವರೆಗೂ ಕೈ ತೂರಿಸುತ್ತಾರೆ. ಒಳಗಿನಿಂದ ಕೆಂಪು ಉಣ್ಣೆಯ ಕೋಟೊಂದು ಹೊರಬರುತ್ತದೆ.

"ನೋಡಿ, ಮಲಗಿಸಿ, ಹೊದಿಸಿ ಹೋಗಿದಾರೆ. ಮಗು ಎದ್ದು ಅಳಬಾರದು ಅನ್ನೋ ಹಾಗೆ."

ಕೋಟು ಟ್ರಾಲಿಗೆ ಬೀಳುತ್ತದೆ. ಅದರ ಹಿಂದೆಯೇ ದಿಂಬಿನ ಕವರಿನೊಳಗಿದ್ದ ಕೈಚೀಲ, ಪಾತ್ರೆಗಳ ಪೆಟ್ಟಿಗೆಯೊಳಗಿದ್ದ ಮಗುವಿನ ಸ್ವೆಟರ್, ಗಂಡಸರ ಅಂಗಿಗಳ ನಡುವೆ ನೇತುಹಾಕಿದ್ದ ರೇಷ್ಮೆಯ ಶಾಲು. ಇವತ್ತು ವರ್ಷದ ದೊಡ್ಡ ರಿಯಾಯಿತಿ ಮಾರಾಟದ ಮೊದಲ ದಿನ. ಹತ್ತು ಗಂಟೆಗೆ ಬಾಗಿಲು ತೆರೆದರೆ ಎಲ್ಲದರ ಮೇಲೂ ಹೊಸ ಬೆಲೆಯ ಚೀಟಿ. ಹಿಂದಿನ ಸಂಜೆಯೇ ಬಂದು, ಬೇಕಾದ ವಸ್ತುವನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಎಲ್ಲೋ ತುರುಕಿ, ಮರುದಿನ ಮೊದಲಿಗರಾಗಿ ಓಡಿಬಂದು ಅಗ್ಗಕ್ಕೆ ಕೊಳ್ಳುವುದು ಹಳೆಯ ಗಿರಾಕಿಗಳ ಉಪಾಯ. ಹಾಗೆ ತುರುಕಿದ್ದನ್ನೆಲ್ಲ ಬಾಗಿಲು ತೆರೆಯುವ ಮೊದಲು ಹುಡುಕಿ ಅದರದರ ಜಾಗಕ್ಕೆ ಸೇರಿಸುವುದು ಈ ಹೆಂಗಸಿನ ಕೆಲಸ. ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದಾರೆ. ಹಾಜರಿ ಪಟ್ಟಿಯಲ್ಲಿ ಅವರು ಬರೀ ಸಹಾಯಕಿ. ಅಂಗಡಿಯವರ ಬಾಯಲ್ಲಿ ಪತ್ತೆಯಕ್ಕ.

ಮಾಮೂಲಿ ದಿನ ನಲವತ್ತರಷ್ಟು ವಸ್ತುಗಳು ಸಿಗುತ್ತವೆ. ಇಂಥ ದಿನ ಟ್ರಾಲಿ ನಾಲ್ಕೈದು ಸಲ ತುಂಬುತ್ತದೆ. ಕೆಲಸ ಹಗುರವೇನಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ, ಪೆಟ್ಟಿಗೆಯ ಅಂಚು ತಾಗಿ ಉಗುರಿನ ಸಂದು ಸೀಳಿದೆ. ಎತ್ತರದ ಕಪಾಟುಗಳಿಗೆ ಏಣಿ ಬೇಕೆಂದು ಕೇಳಿ ಕೇಳಿ ಸುಸ್ತಾಗಿದ್ದಾರೆ.

"ಯಾರೂ ತಮ್ಮ ಕೈಗೆ ಎಟುಕದ ಕಡೆ ಬಚ್ಚಿಡಲ್ಲ," ಎನ್ನುತ್ತಾ ಮಂಚದ ಕೆಳಗೆ ಇಣುಕುತ್ತಾರೆ. "ನನ್ನಂಥ ಕುಳ್ಳಿಯರು ಕೆಳಗೆ, ಉದ್ದ ಇರೋರು ಮೇಲೆ. ಮೊದಲ ಸಲ ಬಚ್ಚಿಡೋರು ಹೆದರ್ಕೊಂಡಿರ್ತಾರೆ, ಅಲ್ಲೇ ಹತ್ರದಲ್ಲಿ ತುರುಕಿ ಓಡ್ತಾರೆ. ಪಳಗಿದೋರು ದೂರ ಹೋಗ್ತಾರೆ."

ಏಳು ಗಂಟೆ ಹೊಡೆಯುವ ಹೊತ್ತಿಗೆ ಅವರು ಸೂಟ್‌ಕೇಸುಗಳ ಸಾಲಿನಲ್ಲಿದ್ದಾರೆ. ಒಂದೊಂದನ್ನೇ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ನೀಲಿ ಸೂಟ್‌ಕೇಸಿನೊಳಗೆ ಏನೋ ದಡ್ ಎನ್ನುತ್ತದೆ. ಜಿಪ್ ಎಳೆಯುತ್ತಾರೆ. ಒಳಗೆ ಕಪ್ಪು ಚರ್ಮದ ಶೂ. ಎಡಗಾಲಿನದು ಮಾತ್ರ. ತಿರುಗಿಸಿ ಅಡಿಭಾಗದ ಅಂಕಿ ನೋಡುತ್ತಾರೆ. ಹತ್ತು.

ಪತ್ತೆಯಕ್ಕ ಅದನ್ನು ಟ್ರಾಲಿಗೆ ಹಾಕುವುದಿಲ್ಲ.

ಇದೇ ಶೂವಿನ ಮೇಲೆ ಅವರು ಎರಡು ತಿಂಗಳಿಂದ ಕಣ್ಣಿಟ್ಟಿದ್ದಾರೆ. ಮಗಳಿಗೆ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿದೆ. ಸೋಮವಾರ ಶುರು. ಕಪ್ಪು, ಚರ್ಮದ, ಬೆರಳು ಮುಚ್ಚುವ, ದಪ್ಪ ಅಟ್ಟೆಯ ಶೂ ಇಲ್ಲದಿದ್ದರೆ ವಾರ್ಡಿನೊಳಗೆ ಬಿಡುವುದಿಲ್ಲವೆಂದು ಮೊದಲೇ ಹೇಳಿದ್ದಾರೆ. ಲಾರಿ ಓಡಿಸುವ ಅಪ್ಪನ ಎತ್ತರ ಮಗಳಿಗೆ ಬಂದಿದೆ, ಅವನ ಪಾದವೂ ಬಂದಿದೆ. ಹೆಣ್ಣುಮಕ್ಕಳ ಶೂ ಹತ್ತರ ಅಳತೆಯಲ್ಲಿ ಸಿಗುವುದೇ ಅಪರೂಪ, ಸಿಕ್ಕಿದ್ದರ ಪೂರ್ತಿ ಬೆಲೆ ಕೊಡುವುದು ಮನೆಯಿಂದಾಗದ ಮಾತು. ಅಂಗಡಿಯಲ್ಲಿ ಉಳಿದಿರುವುದು ಇದೊಂದೇ ಜೊತೆ. ಇವತ್ತು ಅದರ ಬೆಲೆ ಮೂರನೇ ಒಂದು ಭಾಗ ಇಳಿಯುತ್ತದೆ. ಕೆಲಸದವರಿಗೆ ಅದರ ಮೇಲೂ ಸ್ವಲ್ಪ ಬಿಡುತ್ತಾರೆ. ಆದರೆ ನಿಯಮವೊಂದಿದೆ: ಕೆಲಸದವರು ಕೊಳ್ಳಬಹುದಾದದ್ದು ಸಂಜೆ ಆರಕ್ಕೆ ಬಾಗಿಲು ಹಾಕಿದ ಮೇಲೆ, ಅರ್ಧ ಗಂಟೆ ಮಾತ್ರ. ನಾಳೆ ಭಾನುವಾರ, ಅಂಗಡಿಗೆ ರಜೆ.

ಬಲಗಾಲಿನ ಶೂ ಶೂಗಳ ರ‍್ಯಾಕ್‌ನಲ್ಲೇ ಇದೆ. ಬಚ್ಚಿಟ್ಟವರು ಪಳಗಿದ ಕೈ. ಜೊತೆಯನ್ನೇ ಎತ್ತಿದರೆ ಜಾಗ ಖಾಲಿ ಕಂಡು ಹುಡುಕುತ್ತಾರೆ. ಒಂದನ್ನೇ ಎತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂಟಿ ಶೂವನ್ನು ಯಾರೂ ಕೊಳ್ಳುವುದೂ ಇಲ್ಲ.

ಪತ್ತೆಯಕ್ಕ ಎಡಗಾಲಿನ ಶೂ ಹಿಡಿದು ನಿಂತೇ ಇದ್ದಾರೆ. ಇದನ್ನು ತಮಗೆ ಮಾತ್ರ ಗೊತ್ತಿರುವ ಮೂಲೆಗೆ ಸೇರಿಸಿದರೆ ಸಾಕು. ಬಚ್ಚಿಟ್ಟವರಿಗೂ ಸಿಗುವುದಿಲ್ಲ, ಕಂಡವರಿಗೂ ಸಿಗುವುದಿಲ್ಲ. ಆರು ಗಂಟೆಗೆ 'ಅಯ್ಯೋ, ಇಲ್ಲಿತ್ತಾ' ಎಂದರೆ ಮುಗಿಯಿತು. ಹುಡುಕುವವರು ಅವರೊಬ್ಬರೇ ಆದ್ದರಿಂದ ಕೇಳುವವರೂ ಇಲ್ಲ. ಆದರೆ ಹೋದ ವರ್ಷ ಹಾಸಿಗೆ ವಿಭಾಗದವಳೊಬ್ಬಳು ತನಗೆಂದು ಕಂಬಳಿ ಎತ್ತಿಟ್ಟುಕೊಂಡು ಕೆಲಸ ಕಳೆದುಕೊಂಡದ್ದು ಅವರ ಕಣ್ಣಮುಂದಿದೆ.

"ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು, ಇಲ್ಲ ಅನ್ನಲ್ಲ," ಎಂದು ಆಮೇಲೆ ಹೇಳುತ್ತಾರೆ. "ಇನ್ನೊಂದೇನಂದ್ರೆ, ಬೆಳಗಿಂದ ಎಲ್ಲರ ಗುಟ್ಟು ಬಯಲು ಮಾಡ್ತಾ ಬಂದು, ನಂದೊಂದನ್ನ ಮಾತ್ರ ಮುಚ್ಚಿಡೋದು ಹೇಗೆ? ಕೈ ಬರಲಿಲ್ಲ."

ಎಡಗಾಲಿನ ಶೂ ಬಲಗಾಲಿನದರ ಪಕ್ಕ ಹೋಗಿ ಕೂರುತ್ತದೆ. ಎದುರಿನ ಸಾಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ.

ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಕಟ್ಟೆಯೊಡೆದ ಹಾಗೆ ಜನ. ಬೆಳಗಿನ ಹುಡುಕಾಟ ಮುಗಿದ ಮೇಲೆ ಗಿರಾಕಿಗಳು ಕೆದಕಿ ಬಿಟ್ಟದ್ದನ್ನು ಮಡಿಸುವುದು ಪತ್ತೆಯಕ್ಕನ ಪಾಲು. ಅಂಗಿ ಮಡಿಸುತ್ತಲೇ ಕಣ್ಣು ಶೂಗಳ ಕಡೆ ಓಡುತ್ತದೆ. ಒಬ್ಬ ಗಂಡಸು ಆ ಜೊತೆಯನ್ನೆತ್ತಿ ಹೆಂಡತಿಯ ಕಾಲ ಬಳಿ ಹಿಡಿಯುತ್ತಾನೆ.

"ಇದಾ? ಇದರಲ್ಲಿ ನಾನು ನೀವು ಇಬ್ಬರೂ ಮಲಗಬಹುದು," ಎನ್ನುತ್ತಾಳೆ ಹೆಂಡತಿ.

"ಒಳ್ಳೇದಾಯ್ತಲ್ಲ, ಮಂಚದ ದುಡ್ಡು ಉಳೀತು."

ನಗುತ್ತಾ ಇಟ್ಟು ಹೋಗುತ್ತಾರೆ. ಪತ್ತೆಯಕ್ಕ ಮಡಿಸಿದ ಅಂಗಿ ಒಳಮೈ ಮೇಲಾಗಿದೆ. ಬಿಚ್ಚಿ ಮತ್ತೆ ಮಡಿಸುತ್ತಾರೆ.

ಹನ್ನೊಂದರ ಸುಮಾರಿಗೆ ಕನ್ನಡಕ ಹಾಕಿದ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸೊಬ್ಬರು ನೇರವಾಗಿ ಸೂಟ್‌ಕೇಸುಗಳ ಬಳಿ ಬರುತ್ತಾರೆ. ನೀಲಿಯದರ ಜಿಪ್ ಎಳೆದು ಕೈ ಹಾಕುತ್ತಾರೆ. ಬರಿಗೈ ಹೊರಬರುತ್ತದೆ. ಪಕ್ಕದ್ದನ್ನೂ ತೆರೆದು ನೋಡುತ್ತಾರೆ. ಮುಖ ಸಪ್ಪಗಾಗುತ್ತದೆ. ಶೂಗಳ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿನತ್ತ ಹೆಜ್ಜೆ ಹಾಕುತ್ತಾರೆ. ಯಾರೋ ಕೊಂಡೊಯ್ದರು ಎಂದೇ ಅವರ ಲೆಕ್ಕ.

ಹೋಗಲಿ ಬಿಡು ಎನ್ನುತ್ತದೆ ಪತ್ತೆಯಕ್ಕನ ಒಳಮನಸ್ಸು. ಆದರೆ ಹುಡುಕುವ ಮುಖ ಕಂಡರೆ ಕೇಳಬೇಕು ಎಂಬುದು ಅಂಗಡಿಯ ಪದ್ಧತಿ, ಹನ್ನೊಂದು ವರ್ಷದಲ್ಲಿ ನಾಲಿಗೆಗೆ ಅಂಟಿಕೊಂಡ ರೂಢಿ.

"ಏನಾದ್ರೂ ಹುಡುಕ್ತಿದೀರಾ ಅಮ್ಮ?"

"ಇಲ್ಲ ಇಲ್ಲ, ಸುಮ್ನೆ ಪೆಟ್ಟಿಗೆ ನೋಡ್ತಿದ್ದೆ." ಬಚ್ಚಿಟ್ಟಿದ್ದೆ ಎಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

"ಬೇರೆ ಕಡೆ ಸಿಕ್ಕಿದ್ದನ್ನೆಲ್ಲ ಅದರದರ ಜಾಗದಲ್ಲೇ ಇಟ್ಟಿದೀವಿ. ಒಂದ್ಸಲ ನೋಡ್ಕೊಂಡು ಹೋಗಿ."

ಎತ್ತರದ ಹೆಂಗಸು ರ‍್ಯಾಕ್ ಬಳಿ ಹೋಗುತ್ತಾರೆ, ಕೂರುತ್ತಾರೆ, ಹಾಕಿಕೊಳ್ಳುತ್ತಾರೆ. ಅಳತೆ ತೆಗೆದು ಮಾಡಿಸಿದಂತೆ ಕೂರುತ್ತದೆ. ಆಮೇಲೆ ಚೀಟಿ ನೋಡಿ ಮೂಗು ಮುರಿಯುತ್ತಾರೆ.

"ಇಷ್ಟೇನಾ? ಹೋದ ವರ್ಷ ಅರ್ಧಕ್ಕರ್ಧ ಇಳಿದಿತ್ತಲ್ಲ. ಸೋಮವಾರ ಇನ್ನೂ ಇಳಿಯುತ್ತಾ?"

ಇಳಿಯುತ್ತೆ ಎಂದರೆ ಅವರು ಎದ್ದು ಹೋಗುತ್ತಾರೆ. ಒಂದೇ ಮಾತಿನ ಕೆಲಸ.

"ಇಲ್ಲಮ್ಮ. ಇಳಿದ್ರೆ ಇನ್ನೊಂದು ವಾರ ಆಗುತ್ತೆ. ಅಲ್ಲಿವರೆಗೂ ಉಳಿಯೋದು ಅನುಮಾನ. ಬೇಕೇ ಬೇಕು ಅನ್ನೋದನ್ನ ಮೊದಲ ದಿನ ತಗೊಂಡ್ಬಿಡಿ, ಆಸೆಗೆ ತಗೊಳ್ಳೋದನ್ನ ಕೊನೇ ದಿನ ತಗೊಳ್ಳಿ. ನಾನು ಎಲ್ಲರಿಗೂ ಹೇಳೋದು ಇದೇ."

"ನನಗೇನೂ ಅವಸರ ಇಲ್ಲ. ಹಳೇದು ಇನ್ನೂ ಗಟ್ಟಿಯಾಗಿದೆ," ಎಂದ ಆ ಹೆಂಗಸು ಶೂ ಕಳಚಿ, ಕೈಯಲ್ಲಿ ಹಿಡಿದುಕೊಂಡೇ ಯೋಚಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ ಸೂಪರ್‌ವೈಸರ್ ಪತ್ತೆಯಕ್ಕನನ್ನು ಕೆಳಗಿನ ಮಹಡಿಗೆ ಕಳುಹಿಸುತ್ತಾರೆ. ಅಲ್ಲಿ ಟವೆಲುಗಳ ಗುಡ್ಡವೇ ಉರುಳಿದೆ. ಮಧ್ಯಾಹ್ನದ ಊಟಕ್ಕೂ ಬಿಡುವಿಲ್ಲ.

ಆರಕ್ಕೆ ಬಾಗಿಲು ಬೀಳುತ್ತಿದ್ದಂತೆ ಅವರು ಮೆಟ್ಟಿಲು ಹತ್ತಿ ಓಡುತ್ತಾರೆ. ಶೂ ಇದೆ! ಹತ್ತಿರ ಹೋಗಿ ನೋಡಿದರೆ ಬಲಗಾಲಿನದು ಮಾತ್ರ.

ಆ ಹೆಂಗಸು ಕೊಳ್ಳಲಿಲ್ಲ. ಮತ್ತೆ ಬಚ್ಚಿಟ್ಟಿದ್ದಾರೆ, ಮುಂದಿನ ವಾರಕ್ಕೆಂದು.

ನೀಲಿ ಸೂಟ್‌ಕೇಸ್ ಖಾಲಿ. ಉಳಿದ ಸೂಟ್‌ಕೇಸುಗಳೂ ಖಾಲಿ. ಪರದೆ, ದಿಂಬು, ಮಂಚದ ಅಡಿ, ಎಲ್ಲಿಯೂ ಇಲ್ಲ. ಕೌಂಟರಿನಲ್ಲಿ ಕುಳಿತ ಕ್ಯಾಷಿಯರ್ ಗಡಿಯಾರ ನೋಡಿ ಕೂಗುತ್ತಾಳೆ: "ಅಕ್ಕಾ, ಊರ ಮಾಲನ್ನೆಲ್ಲ ಕಣ್ಣುಮುಚ್ಚಿ ಹುಡುಕ್ತೀಯ, ನಿಂದು ಸಿಗ್ತಿಲ್ವಾ? ಹತ್ತು ನಿಮಿಷ ಇದೆ, ಆಮೇಲೆ ನನ್ನ ಮೆಷೀನು ನನ್ನ ಮಾತೂ ಕೇಳಲ್ಲ!"

ಪತ್ತೆಯಕ್ಕ ಹುಡುಕುವುದನ್ನು ನಿಲ್ಲಿಸುತ್ತಾರೆ. ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ. ಬೆಳಗ್ಗೆ ತಾವೇ ಆಡಿದ ಮಾತು ನೆನಪಾಗುತ್ತದೆ. ಎತ್ತರದವರು ಮೇಲೆ ಇಡುತ್ತಾರೆ. ಪಳಗಿದವರು ದೂರ ಹೋಗುತ್ತಾರೆ. ಶೂಗಳಿಂದ ಎಲ್ಲಕ್ಕಿಂತ ದೂರ ಅಂದರೆ ಆ ಕೊನೆಯ ಬಟ್ಟೆಯ ಬೀರುಗಳು. ಪತ್ತೆಯಕ್ಕನ ತಲೆ ಅವುಗಳ ಮುಕ್ಕಾಲಿಗೂ ಬರುವುದಿಲ್ಲ. ಏಣಿ ಇಲ್ಲ. ಊಟದ ಮೇಜಿನ ಸೆಟ್‌ನಿಂದ ಕುರ್ಚಿಯೊಂದನ್ನು ದರದರ ಎಳೆದುಕೊಂಡು ಹೋಗಿ, ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಬೀರುವಿನ ತಲೆಯ ಮೇಲೆ ಕೈಯಾಡಿಸುತ್ತಾರೆ. ಮೊದಲನೆಯದರಲ್ಲಿ ಧೂಳು. ಎರಡನೆಯದರಲ್ಲಿ ಧೂಳು. ಮೂರನೆಯದರಲ್ಲಿ ಬೆರಳಿಗೆ ಚರ್ಮದ ನುಣುಪು ತಾಗುತ್ತದೆ.

"ಬಂದೆ ಬಂದೆ, ಮುಚ್ಚಬೇಡ!"

ಬಿಲ್ ಹೊರಬರುವಾಗ ಪತ್ತೆಯಕ್ಕನ ಕೂದಲೆಲ್ಲ ಧೂಳು. "ಶೂ ತಗೊಂಡೆಯೋ, ಮಣ್ಣು ಹೊತ್ತೆಯೋ?" ಎಂದು ಕ್ಯಾಷಿಯರ್ ನಗುತ್ತಾಳೆ, ತನ್ನ ಕರವಸ್ತ್ರ ಚಾಚುತ್ತಾಳೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದು ಕುಳಿತಿದ್ದಾರೆ. "ಇಡೀ ಅಂಗಡಿ ಮಡಿಸಿಡ್ತಾಳೆ, ಮನೆಗೆ ಒಂದು ಕರವಸ್ತ್ರ ತರಲ್ಲ" ಎಂದು ದಿನಾ ಕುಟುಕುವವರು ಇವತ್ತು ಶೂ ಡಬ್ಬಿಯನ್ನು ತಾವೇ ಇಸಿದುಕೊಂಡು ಮುಚ್ಚಳ ತೆಗೆಯುತ್ತಾರೆ. ಮಗಳು ಶೂ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ಟಕಟಕ ನಡೆಯುತ್ತಾಳೆ, ತಿರುಗಿ ನಡೆಯುತ್ತಾಳೆ.

"ಅಮ್ಮ, ಬೆರಳಿಗೆ ಒತ್ತುತ್ತಾನೇ ಇಲ್ಲ," ಎನ್ನುತ್ತಾಳೆ, ನಂಬಲಾಗದವಳಂತೆ.

ಪತ್ತೆಯಕ್ಕ ಬಿಸಿನೀರಿನ ಬೋಗುಣಿಯಲ್ಲಿ ತಮ್ಮ ಕಾಲು ಇಳಿಬಿಟ್ಟಿದ್ದಾರೆ. ಎತ್ತರದ ಹೆಂಗಸು ಮುಂದಿನ ವಾರ ಬಂದು ಬೀರುವಿನ ಮೇಲೆ ಕೈಯಾಡಿಸುವುದನ್ನು ನೆನೆದರೆ ಪಾಪ ಅನ್ನಿಸುತ್ತದಂತೆ. "ತಗೊಳ್ಳಿ ಅಂದೆ. ತಗೊಳ್ಳಲಿಲ್ಲ, ಬಚ್ಚಿಟ್ರು. ಬಚ್ಚಿಟ್ಟಿದ್ದನ್ನ ಹುಡುಕೋದು ನನ್ನ ಕೆಲಸ. ಅದರಲ್ಲಿ ಮಾತ್ರ ನನ್ನ ಯಾರೂ ಸೋಲಿಸೋಕಾಗಲ್ಲ."

ಇನ್ನೇನಾದರೂ ಆಸೆಯಿದೆಯೇ ಎಂದರೆ ಒಂದು ಏಣಿ ಕೊಟ್ಟರೆ ಸಾಕಂತೆ. ಆಮೇಲೆ, ನಿವೃತ್ತಿಯಾದ ಮೇಲೆ, ರಿಯಾಯಿತಿಯ ಹಿಂದಿನ ಸಂಜೆ ಒಂದೇ ಒಂದು ಸಲ ಮುಂಬಾಗಿಲಿಂದ ಗಿರಾಕಿಯಾಗಿ ಒಳಗೆ ಹೋಗಬೇಕಂತೆ.

"ಕೊಳ್ಳೋದೇನೂ ಇಲ್ಲ. ಸುಮ್ನೆ ಒಂದು ಶೂನ ಎಲ್ಲಾದ್ರೂ ಬಚ್ಚಿಟ್ಟು ಮನೆಗೆ ಬರ್ತೀನಿ. ಬೆಳಗ್ಗೆ ಎದ್ದು ಬೇರೆ ಯಾರಾದ್ರೂ ಹುಡುಕಲಿ."